ಅಪ್ಪನ ಚೆಲ್ಲೊದ ಹೆಪ್ಪು

ನಮ್ಮ ಮನೆಯಲ್ಲಿ ಅಮ್ಮನಿಗೊಬ್ಬಳು ಸವತಿಯಿದ್ದಳು. ಎತ್ತರದಲ್ಲಿ ಅಮ್ಮನಿಗಿಂತ ಒಂದು ಗೇಣು ಕಡಿಮೆ, ಸೊಂಟ ಮಾತ್ರ ಬಹಳ ಸಣ್ಣ. ಅವಳು ಅಪ್ಪನ ಚೆಲ್ಲೊ. ಪಿಟೀಲಿನ ದೊಡ್ಡಮ್ಮ ಅನ್ನಬಹುದಾದ ವಾದ್ಯ. ನೆಲಕ್ಕೆ ಊರಿ, ಮಂಡಿಗಳ ನಡುವೆ ನಿಲ್ಲಿಸಿ, ಎದೆಗೆ ಒರಗಿಸಿಕೊಂಡು ನುಡಿಸುವಂಥದ್ದು. ಅಪ್ಪ ರಂಗಮಂದಿರದ ವಾದ್ಯವೃಂದಕ್ಕೆ ಸೇರಿದ ದಿನವೇ ಅದು ಅವರ ಕೈಗೆ ಬಂದಿತ್ತಂತೆ. ಮದುವೆಯಾದದ್ದು ಅದರ ಮರುವರ್ಷ.

"ನಾನು ಕಾಲಿಡೋಕೆ ಮುಂಚೆನೇ ಬಂದು ಕೂತಿದ್ದಳು ಮಹಾತಾಯಿ," ಅಂತ ಅಮ್ಮ ಬಂದವರೆದುರೆಲ್ಲ ಹೇಳುತ್ತಿದ್ದಳು. "ಚಳಿಯಾದ್ರೆ ಅವಳಿಗೆ ಹೊದಿಕೆ, ಸೆಕೆಯಾದ್ರೆ ಅವಳ ಪಕ್ಕ ಒದ್ದೆ ಬಟ್ಟೆ. ನನಗೆ ನೆಗಡಿಯಾದ್ರೆ ಮಾತ್ರ, ಮಾತ್ರೆ ಡಬ್ಬದಲ್ಲಿದೆ ನೋಡು!"

ಅಪ್ಪ ಚೆಲ್ಲೊದ ಬಿಲ್ಲಿಗೆ ರಾಳ ತಿಕ್ಕುತ್ತಾ ನಗುತ್ತಿದ್ದರು. ಅಮ್ಮ ಒಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದರೆ, ಹೊರಕೋಣೆಯಲ್ಲಿ ಅಪ್ಪ ಚೆಲ್ಲೊ ನುಡಿಸುತ್ತಿದ್ದರು; ನಾನು ಇವೆರಡರ ನಡುವಿನ ಓಣಿಯಲ್ಲಿ ಕೂತು ಬೆಳೆದವಳು.

ಆದರೆ ಸವತಿ ನಮ್ಮವಳಾಗಿರಲಿಲ್ಲ. ರಂಗಮಂದಿರದ ಸ್ವತ್ತು. ಅಪ್ಪನ ನಿವೃತ್ತಿಯ ತಿಂಗಳು ಹತ್ತಿರವಾದಾಗ ಅಲ್ಲಿನ ಉಗ್ರಾಣದವರು ಫೋನ್ ಮಾಡಿದರು. ಅವರೂ ಹಳಬರೇ, ಅಪ್ಪನ ಜೊತೆ ಸಾವಿರ ಸಲ ಬೀಡಾ ಅಂಗಡಿ ಮುಂದೆ ನಿಂತವರು. "ಅಣ್ಣಾ, ನನ್ನ ಬಾಯಲ್ಲಿ ಹೇಳಿಸಬೇಡ. ತಿಂಗಳ ಕೊನೆಯೊಳಗೆ ತಂದುಬಿಡು," ಅಂದರು.

ಸಹೋದ್ಯೋಗಿಗಳು ಬೀಳ್ಕೊಡುಗೆಗೆ ಅಂತ ಎಲ್ಲರೂ ಸೇರಿ ಅಪ್ಪನಿಗೊಂದು ಮೌನ ಚೆಲ್ಲೊ ಕೊಟ್ಟಿದ್ದರು. ಅದಕ್ಕೆ ಹೊಟ್ಟೆಯಿಲ್ಲ. ಒಂದು ದಪ್ಪ ಕೋಲು, ಅದರ ಮೇಲೆ ನಾಲ್ಕು ತಂತಿ, ಮಂಡಿಗೆ ತಾಗಲೆಂದು ಬಾಗಿದ ಎರಡು ಕಂಬಿ. ಬುಡದಲ್ಲಿ ಹೆಡ್‌ಫೋನ್ ಸಿಕ್ಕಿಸುವ ತೂತು. ಅಪ್ಪ ಒಮ್ಮೆ ನುಡಿಸಿದರು. ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟರು.

"ಒಳ್ಳೇ ಜನ, ಪಾಪ. ದುಬಾರಿ ಬೇರೆ. ಆದ್ರೆ ಇದು ಚೆಲ್ಲೊ ಅಲ್ಲ ಪುಟ್ಟಿ. ಚೆಲ್ಲೊದ ಎಕ್ಸ್‌ರೇ."

ಅದನ್ನು ಬಾಗಿಲ ಹಿಂದೆ ನಿಲ್ಲಿಸಿದರು. ಎರಡೇ ದಿನಕ್ಕೆ ಅಮ್ಮ ಅದರ ಕಂಬಿಗೆ ಛತ್ರಿ ತಗುಲಿಹಾಕಿದಳು.

ಆಗ ನನಗೆ ಹೆದರಿಕೆ ಹತ್ತಿತು. ಚೆಲ್ಲೊ ಹೋಗುತ್ತದೆ ಎನ್ನುವುದಕ್ಕಲ್ಲ. ಅದರ ಜೊತೆ ಅಪ್ಪನ ನುಡಿಸಾಣಿಕೆಯೂ ಹೋಗಿಬಿಟ್ಟರೆ ಅಂತ. ಕೊಳ್ಳೋಣವೆಂದರೆ ಅಂಥ ಚೆಲ್ಲೊ ನಮ್ಮ ಕೈಗೆಟುಕುವ ಮಾತಲ್ಲ. ಅಪ್ಪನೋ, ಕೇಳಿದವರಿಗೆಲ್ಲ "ಸಾಕು ಮಾರಾಯ್ರೇ, ಇನ್ನು ಆರಾಮಾಗಿ ಪೇಪರ್ ಓದ್ತೀನಿ" ಅನ್ನತೊಡಗಿದ್ದರು. ಪೇಪರ್ ಓದುವಾಗ ಅವರ ಎಡಗೈಯ ಬೆರಳುಗಳು ಕುರ್ಚಿಯ ತೋಳಿನ ಮೇಲೆ ಇಲ್ಲದ ತಂತಿಗಳನ್ನು ಒತ್ತುತ್ತಿದ್ದವು.

ಇಂಥದ್ದನ್ನೆಲ್ಲ ನಾನು ಬಾಯಿಬಿಟ್ಟು ಹೇಳುವವಳಲ್ಲ. ಅಮ್ಮನ ಪ್ರಕಾರ ನಾನು ಗುಮ್ಮನಗುಸುಕಿ. ಪದವಿ ಮುಗಿಸಿ ಹೋದ ಸಂದರ್ಶನಗಳಲ್ಲಿ ನನ್ನ ಬಾಯಿಂದ ಹೊರಟ ಅತಿ ಉದ್ದದ ವಾಕ್ಯ "ಹೌದು ಸರ್." ರಾತ್ರಿ ಡೈರಿಯಲ್ಲಿ ಮಾತ್ರ ಎಲ್ಲ ಪ್ರಶ್ನೆಗಳಿಗೂ ಅದ್ಭುತ ಉತ್ತರ ಬರೆಯುತ್ತಿದ್ದೆ. ಕೊನೆಗೆ ಕೆಲಸ ಕೊಟ್ಟದ್ದು ಒಂದು ಪುಟ್ಟ ಧ್ವನಿಮುದ್ರಣ ಸ್ಟುಡಿಯೊ. ಅಲ್ಲಿ ಮಾತಾಡಬೇಕಿಲ್ಲ, ಕೇಳಿಸಿಕೊಂಡರೆ ಸಾಕು. ಸ್ಟುಡಿಯೊದ ಒಡತಿಯನ್ನು ಎಲ್ಲರೂ ಡೆಸಿಬಲ್ ಅಕ್ಕ ಅನ್ನುತ್ತಾರೆ. ಅವಳು "ಚಹಾ ಬಂತಾ?" ಅಂತ ಕೇಳಿದರೂ ಮೀಟರಿನ ಮುಳ್ಳು ಕೆಂಪಿಗೆ ಹಾರುತ್ತದೆ.

ಸ್ಟುಡಿಯೊದಲ್ಲಿ ನನ್ನ ಮುಖ್ಯ ಕೆಲಸ ಇಂಪಲ್ಸ್ ರೆಸ್ಪಾನ್ಸ್‌ಗಳನ್ನು ಹುಡುಕುವುದು, ಕೇಳುವುದು, ಒಳ್ಳೆಯದನ್ನು ಆರಿಸಿಡುವುದು. ಕೆಲಸಕ್ಕೆ ಸೇರಿದ ಮೊದಲ ದಿನ ಅದೇನೆಂದು ನನಗೆ ತಿಳಿಯದೆ ಸುಮ್ಮನೆ ತಲೆಯಾಡಿಸಿದ್ದೆ. ಡೆಸಿಬಲ್ ಅಕ್ಕನಿಗೆ ಗೊತ್ತಾಯಿತು.

"ಹೆಪ್ಪು ಗೊತ್ತಾ ನಿನಗೆ? ಮೊಸರಿಗೆ ಹಾಕೋ ಹೆಪ್ಪು?"

ಗೊತ್ತು ಅಂದೆ.

"ಅಷ್ಟೇ ಇದು. ಒಂದು ದೊಡ್ಡ ಹಾಲ್‌ಗೆ ಹೋಗಿ ಒಂದು ಬಲೂನು ಢಂ ಅನಿಸ್ತೀಯ. ಆ ಹಾಲ್ ಅದಕ್ಕೆ ಏನೋ ಉತ್ತರ ಕೊಡುತ್ತಲ್ಲ, ಆ ಉತ್ತರಾನ ರೆಕಾರ್ಡ್ ಮಾಡ್ಕೊಂಡು ಬರ್ತೀಯ. ಅದು ಒಂದು ಚಮಚ ಹೆಪ್ಪು. ಆಮೇಲೆ ನಮ್ಮ ಈ ಗೂಡಲ್ಲಿ ಯಾರು ಹಾಡಿದ್ರೂ ಅದರೊಳಗೆ ಈ ಹೆಪ್ಪು ಹಾಕು, ಆ ಹಾಲ್‌ನಲ್ಲೇ ನಿಂತು ಹಾಡಿದ ಹಾಗೆ ಹೆಪ್ಪುಗಟ್ಟುತ್ತೆ. ವಾದ್ಯಕ್ಕೂ ಅಷ್ಟೇ. ಅದರ ಮೈಗೆ ಟಕ್ ಅಂತ ಒಂದೇಟು. ಆ ಮೈ ಹೇಗೆ ಅನುರಣಿಸುತ್ತೋ ಅದೇ ಆ ವಾದ್ಯದ ಹೆಪ್ಪು."

ಒಳ್ಳೆಯ ಹೆಪ್ಪಿನ ಲಕ್ಷಣಗಳನ್ನೂ ಅವಳೇ ಹೇಳಿಕೊಟ್ಟಳು. ತಲೆ ಚೂಪಾಗಿರಬೇಕು. ಬಾಲ ಸದ್ದಿಲ್ಲದೆ ಕರಗಬೇಕು. ನಡುವೆ ಯಾರೂ ಕೆಮ್ಮಿರಬಾರದು. ಯಾಕೆಂದರೆ ಹೆಪ್ಪಿನಲ್ಲೊಂದು ಕೂದಲು ಬಿದ್ದರೆ ಆಮೇಲೆ ಹಾಕುವ ಪ್ರತಿ ಪಾತ್ರೆಯಲ್ಲೂ ಅದೇ ಕೂದಲು.

ಹಾಗಾಗಿ ಅಪ್ಪನ ಎಕ್ಸ್‌ರೇಗೆ ಒಂದು ಮೈ ಹುಡುಕಲು ಹೊರಟೆ. ಯಾರು ಯಾರೋ ಪುಣ್ಯಾತ್ಮರು ತಮ್ಮ ಚೆಲ್ಲೊಗಳ ಹೆಪ್ಪನ್ನು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಹಾಕಿದ್ದಾರೆ. ಸ್ಟುಡಿಯೊದ ಬಿಡುವಿನಲ್ಲಿ ಕೂತು ಕೇಳಿದೆ. ಕೆಲವಕ್ಕೆ ತಲೆಯೇ ಮೊಂಡು, ಕೆಲವಕ್ಕೆ ಬಾಲದ ತುಂಬ ಫ್ಯಾನಿನ ಸದ್ದು. ಚೆನ್ನಾಗಿರುವ ಕೆಲವನ್ನು ಲ್ಯಾಪ್‌ಟಾಪಿಗೆ ತುಂಬಿಕೊಂಡು ಮನೆಗೆ ಬಂದೆ. ಛತ್ರಿ ತೆಗೆದಿಟ್ಟು ಎಕ್ಸ್‌ರೇಯನ್ನು ಅಪ್ಪನ ಮಂಡಿಗೆ ಒರಗಿಸಿ, ಲ್ಯಾಪ್‌ಟಾಪಿಗೆ ಜೋಡಿಸಿ, ಅದರ ದನಿಗೆ ಒಂದೊಂದೇ ಹೆಪ್ಪು ಹಾಕುತ್ತಾ ಹೋದೆ. ಅಪ್ಪ ನನ್ನ ಸಮಾಧಾನಕ್ಕೆ ನುಡಿಸಿದರು.

"ಇದು ಭಾರಿ ಶ್ರೀಮಂತರ ಮನೆ ಹುಡುಗಿ. ನನ್ನ ಕೈಗೆ ಹತ್ತಲ್ಲ."

ಮುಂದಿನದು.

"ಇದಕ್ಕೆ ಶೀತ ಆಗಿದೆ."

ಮುಂದಿನದು.

"ಇದು ಚೆನ್ನಾಗಿದೆ ಪುಟ್ಟಿ. ನಿಜವಾಗಲೂ. ಆದ್ರೆ..." ಅಪ್ಪ ಬಿಲ್ಲು ಕೆಳಗಿಟ್ಟರು. "ಯಾರದೋ ಮನೆ ಮೊಸರು."

ಮರುದಿನ ಇದನ್ನು ಡೆಸಿಬಲ್ ಅಕ್ಕನಿಗೆ ಹೇಳಿದ್ದೇ ತಡ, ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ಹುಚ್ಚಿ! ಹಸು ಇನ್ನೂ ಕೊಟ್ಟಿಗೆಯಲ್ಲೇ ಇದೆ, ನೀನು ಊರೆಲ್ಲ ಪ್ಯಾಕೆಟ್ ಹಾಲು ಹುಡುಕ್ತಿದ್ದೀಯಲ್ಲೇ! ಅದು ಮನೆ ಬಿಡೋಕೆ ಮುಂಚೆ ಅದರದ್ದೇ ಹೆಪ್ಪು ತೆಗಿ." ಹೇಳಿ ಒಳ್ಳೆಯ ಎರಡು ಮೈಕುಗಳನ್ನು ಚೀಲಕ್ಕೆ ಹಾಕಿಕೊಟ್ಟಳು. ಗಡಿಯಾರ ರಿಪೇರಿಯವರ ಸುತ್ತಿಗೆಯಷ್ಟು ಪುಟ್ಟದೊಂದು ಸುತ್ತಿಗೆಯನ್ನೂ ಕೊಟ್ಟಳು. ಜೊತೆಗೆ ವಿಧಿಗಳು: ವಾದ್ಯವನ್ನು ಎಲಾಸ್ಟಿಕ್‌ನಲ್ಲಿ ತೂಗುಹಾಕಬೇಕು, ಅದರ ಮೈಗೆ ಏನೂ ತಾಗಿರಬಾರದು. ತಂತಿಗಳು ಮಿಡಿಯದ ಹಾಗೆ ಬಟ್ಟೆ ಸಿಕ್ಕಿಸಬೇಕು. ತಂತಿ ಹೊತ್ತ ಮರದ ಕುದುರೆಯ ಪಕ್ಕಕ್ಕೆ ಒಂದೇ ಒಂದು ಏಟು. ಆಮೇಲೆ ಉಸಿರೂ ಆಡಬಾರದು.

ರಜೆಯ ದಿನ ಬೆಳಗ್ಗೆ ಹೊರಕೋಣೆಯಲ್ಲಿ ಎಲ್ಲ ಸಿದ್ಧವಾಯಿತು. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು, ಅಮ್ಮನ ಹೊಲಿಗೆ ಯಂತ್ರವೂ ನಿಂತಿತು.

"ಸವತಿಗೋಸ್ಕರ ನನ್ನ ಸಂಪಾದನೆಗೂ ಕಲ್ಲು," ಅನ್ನುತ್ತಲೇ ಅಮ್ಮ ಸೊಂಟಪಟ್ಟಿಗೆ ಹಾಕುವ ಅಗಲ ಎಲಾಸ್ಟಿಕ್‌ನ ಇಡೀ ಸುರುಳಿ ತಂದುಕೊಟ್ಟಳು. ತಂತಿಗಳ ನಡುವೆ ಸಿಕ್ಕಿಸಲು ಮಖಮಲ್ಲಿನ ಚೂರುಗಳನ್ನೂ ಕತ್ತರಿಸಿಕೊಟ್ಟಳು. ಕೆಂಪು ಮಖಮಲ್ಲು, ಒಳ್ಳೆಯದು.

ಮೊದಲು ಮೈಕಿನ ಮಟ್ಟ ಸರಿಮಾಡಿಕೊಳ್ಳಬೇಕಿತ್ತು. ಅದಕ್ಕೆ ತೂಗುಹಾಕುವುದೇನೂ ಬೇಡವೆಂದು, "ಅಪ್ಪ, ಸುಮ್ನೆ ಯಾವಾಗಿನ ಹಾಗೆ ಹಿಡ್ಕೊಂಡು ಕೂತ್ಕೋ" ಅಂದೆ. ಅಪ್ಪ ಕೂತರು. ಮಂಡಿಗಳ ನಡುವೆ ಅದು, ಎದೆಗೆ ಅದರ ಬೆನ್ನು, ಕಿವಿಯ ಪಕ್ಕ ಅದರ ಕೊರಳು. ನಾನು ಟಕ್ ಅನ್ನಿಸಿದೆ. ಅಪ್ಪ ಕಣ್ಣು ಮುಚ್ಚಿದರು. ಆಗಲೇ ಒಳಗಿನಿಂದ ಅಮ್ಮ ಕೂಗಿದಳು:

"ರೀ... ನೀರು ಕಾದಿದೆ!"

"ಅಮ್ಮಾ!"

"ಏನು ಅಮ್ಮ? ಆಮೇಲೆ ಆರಿಹೋದ್ರೆ ಸವತಿ ಬಂದು ಕಾಯಿಸ್ತಾಳಾ?"

ಹೇಗೂ ಅದು ಮಟ್ಟ ನೋಡಲು ಮಾತ್ರ ತೆಗೆದದ್ದು. ಅದಕ್ಕೆ 'ಪರೀಕ್ಷೆ' ಅಂತ ಹೆಸರಿಟ್ಟು ಬದಿಗೆ ಹಾಕಿದೆ.

ಆಮೇಲೆ ಚಾವಣಿಯ ಕೊಕ್ಕೆಗೆ ಎಲಾಸ್ಟಿಕ್ ಕಟ್ಟಿ ಚೆಲ್ಲೊವನ್ನು ತೂಗುಬಿಟ್ಟೆವು. ಅದು ಕೋಣೆಯ ನಡುವೆ ಮೆಲ್ಲಗೆ ತಿರುಗುತ್ತಾ ನಿಂತಿತು. ಅಪ್ಪನ ಮುಖದ ಬಣ್ಣ ಹೋಯಿತು.

"ನೇಣು ಹಾಕಿದ ಹಾಗಿದೆಯಲ್ಲೇ!"

"ಸ್ವಲ್ಪ ಹೊತ್ತು ಅಷ್ಟೇ ಅಪ್ಪ."

"ನಾನು ನೋಡಲ್ಲಮ್ಮ," ಅಂತ ಬಚ್ಚಲಿಗೆ ಹೋಗಿಬಿಟ್ಟರು. ಅಮ್ಮ ಮಾತ್ರ ಬಾಗಿಲಲ್ಲಿ ನಿಂತು, ಸೆರಗನ್ನು ಬಾಯಿಗೊತ್ತಿಕೊಂಡು, ಒಂದು ಉಸಿರೂ ಬಿಡದೆ ಕಾದಳು. ಬೇರೆ ಬೇರೆ ಜಾಗದಲ್ಲಿ ಮೈಕಿಟ್ಟು, ಮತ್ತೆ ಮತ್ತೆ ತಟ್ಟಿ, ನನಗೆ ತೃಪ್ತಿಯಾಗುವಷ್ಟು ತೆಗೆದುಕೊಂಡೆ. ಚೂಪು ತಲೆ, ಸಣ್ಣಗೆ ಕರಗುವ ಬಾಲ, ಕೂದಲಿಲ್ಲ. ಡೆಸಿಬಲ್ ಅಕ್ಕ ನೋಡಿದ್ದರೆ ಮೀಟರಿನ ಮುಳ್ಳು ಮುರಿಯುವಷ್ಟು ಜೋರಾಗಿ ಹೊಗಳುತ್ತಿದ್ದಳು.

ಒಪ್ಪಿಸುವ ದಿನ ನಾನೂ ಅಪ್ಪನ ಜೊತೆ ಹೋದೆ. ನೆಪ ಪೆಟ್ಟಿಗೆ ಹಿಡಿಯುವುದು. ನಿಜವೆಂದರೆ ನನ್ನ ಚೀಲದಲ್ಲಿ ಮೈಕುಗಳೂ ಒಂದು ಪೊಟ್ಟಣ ಬಲೂನೂ ಇದ್ದವು. ವಾದ್ಯದ ಹೆಪ್ಪು ಸಿಕ್ಕಿತ್ತು. ಅದು ಇಷ್ಟು ವರ್ಷ ನುಡಿದ ಜಾಗದ ಹೆಪ್ಪೂ ಬೇಕಿತ್ತು. ವೇದಿಕೆಯ ಮುಂದೆ, ನೆಲಕ್ಕಿಂತ ಕೆಳಗೆ, ವಾದ್ಯದವರು ಕೂರುವ ಹಳ್ಳ. ಚಿಕ್ಕವಳಿದ್ದಾಗ ನಾನೂ ಅಮ್ಮನೂ ಮೇಲಿನ ಅಗ್ಗದ ಸಾಲಿನಿಂದ ನೋಡಿದರೆ ಅಲ್ಲಿ ಕಾಣುತ್ತಿದ್ದದ್ದು ಅಪ್ಪನ ಬೋಳುತಲೆ ಮಾತ್ರ. "ಅಗೋ ಚಂದಿರ," ಅನ್ನುತ್ತಿದ್ದಳು ಅಮ್ಮ.

ಉಗ್ರಾಣದವರು ಪೆಟ್ಟಿಗೆ ತೆರೆದು ನೋಡಿದರು. ತಂತಿಗಳ ನಡುವೆ ಕೆಂಪು ಮಖಮಲ್ಲಿನ ಒಂದು ಚೂರು ಹಾಗೇ ಉಳಿದಿತ್ತು.

"ಇದೇನಣ್ಣ, ಹೆಣ್ಣೊಪ್ಪಿಸೋ ಹಾಗೆ ಸಿಂಗಾರ ಮಾಡ್ಕೊಂಡು ಬಂದಿದ್ದೀಯ!"

ಅಪ್ಪ ನಕ್ಕರು. ನಗು ಅರ್ಧಕ್ಕೇ ನಿಂತಿತು. ಪೆಟ್ಟಿಗೆ ಮುಚ್ಚುವಾಗ ಅವರು ಬೇರೆ ಕಡೆ ನೋಡುತ್ತಿದ್ದರು.

ನಾನು ಚೀಲ ಎದೆಗವುಚಿ ನಿಂತಿದ್ದೆ. 'ಒಂದು ಬಲೂನು ಒಡೆಯಬಹುದಾ?' ಅಂತ ಒಂದು ಸಣ್ಣ ಪ್ರಶ್ನೆ ಕೇಳಬೇಕಿತ್ತು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬಾಯಿಪಾಠ ಮಾಡಿದ್ದೆ. ಉಗ್ರಾಣದವರು ಬೀಗದ ಗೊಂಚಲು ಕೈಗೆತ್ತಿಕೊಂಡರು. ಇನ್ನು ಬಾಗಿಲು ಹಾಕಿಯೇಬಿಡುತ್ತಾರೆ.

"ಮಾಮ," ಅಂದೆ. ನನಗೇ ಕೇಳಿಸಲಿಲ್ಲ. ಮತ್ತೆ, "ಮಾಮ! ನನಗೆ ಹಳ್ಳದಲ್ಲಿ ಬಲೂನು ಒಡೀಬೇಕು!"

ಇಬ್ಬರೂ ನನ್ನ ಕಡೆ ತಿರುಗಿದರು.

"ಹುಟ್ಟಿದಾಗಿಂದ ನೋಡ್ತಿದ್ದೀನಿ," ಅಂದರು ಉಗ್ರಾಣದವರು, ಅಪ್ಪನಿಗೆ. "ಈ ಮಗು ನನ್ನ ಹತ್ರ ಕೇಳಿದ್ದು ಇದೇ ಮೊದಲು. ಕೇಳಿದ್ದೂ ನೋಡು ಏನು! ನಡಿಯಮ್ಮ."

ಅಪ್ಪನ ಕುರ್ಚಿಯ ಮುಂದೆ ಮೈಕು ನಿಲ್ಲಿಸಿ, ಬಲೂನು ಊದಿ, ಅಪ್ಪನನ್ನೂ ಮಾಮನನ್ನೂ ಆಚೆ ಕಳಿಸಿ, ಒಬ್ಬಳೇ ಕತ್ತಲಲ್ಲಿ ನಿಂತೆ. ಜನ್ಮದಲ್ಲಿ ನಾನು ಯಾವ ಜಾಗದಲ್ಲೂ ಅಷ್ಟು ದೊಡ್ಡ ಸದ್ದು ಮಾಡಿದವಳಲ್ಲ. ಸೂಜಿ ಚುಚ್ಚಿದೆ. ಢಂ! ಸದ್ದು ಮೊದಲು ಹಳ್ಳದ ಗೋಡೆಗೆ ಬಡಿಯಿತು, ವೇದಿಕೆಯ ಮರದ ಕೆಳಗೆ ನುಗ್ಗಿತು, ಖಾಲಿ ಕುರ್ಚಿಗಳ ಸಾಲುಗಳನ್ನು ಹತ್ತುತ್ತಾ ಹತ್ತುತ್ತಾ ಅಗ್ಗದ ಸಾಲಿನಲ್ಲಿ ಹೋಗಿ ಕೂತಿತು. ಇನ್ನೊಂದು ಒಡೆದೆ. ಒಡೆಯಲೇಬೇಕೆಂದಿರಲಿಲ್ಲ, ಮೊದಲನೆಯದೇ ಚೆನ್ನಾಗಿ ಬಂದಿತ್ತು.

ಮನೆಗೆ ಬಂದ ಮೇಲೆ ಅಪ್ಪ ಕೆಲವು ದಿನ ಎಕ್ಸ್‌ರೇ ಕಡೆ ತಿರುಗಿಯೂ ನೋಡಲಿಲ್ಲ. ಹೊರಕೋಣೆಯ ಮೂಲೆಯಲ್ಲಿ ಚೆಲ್ಲೊದ ಬುಡದ ಮೊಳೆ ಊರಿ ಊರಿ ಬಿದ್ದ ಗುಳಿಯಿತ್ತು. ಅಮ್ಮ ಗುಡಿಸುವಾಗ ಅದನ್ನು ಬಳಸಿಕೊಂಡು ಹೋಗುತ್ತಿದ್ದಳು. ಒಂದು ಸಂಜೆ ಅಪ್ಪನ ಬೆರಳುಗಳು ಕುರ್ಚಿಯ ತೋಳಿನ ಮೇಲೆ ನುಡಿಸುವುದನ್ನೂ ನಿಲ್ಲಿಸಿಬಿಟ್ಟಿದ್ದನ್ನು ನೋಡಿದೆ. ಇನ್ನು ಕಾಯಬಾರದು ಅನಿಸಿತು. ಛತ್ರಿ ತೆಗೆದೆ, ಲ್ಯಾಪ್‌ಟಾಪು ತಂದೆ, ಸ್ಟುಡಿಯೊದಿಂದ ಎರವಲು ತಂದ ಸ್ಪೀಕರ್ ಹಚ್ಚಿದೆ.

"ಒಂದ್ಸಲ ಅಪ್ಪ. ನನಗೋಸ್ಕರ."

ತೂಗುಹಾಕಿ ತೆಗೆದದ್ದರಲ್ಲಿ ಅತ್ಯುತ್ತಮವಾದದ್ದನ್ನು ಹಾಕಿದೆ. ಅಪ್ಪ ನಿಧಾನವಾದ ಒಂದು ರಾಗ ಎತ್ತಿಕೊಂಡರು. ಚೆಲ್ಲೊದ ದನಿಯೇ, ಸಂಶಯವಿಲ್ಲ. ಸ್ವಚ್ಛ, ತುಂಬು, ಗಂಟೆಯ ಹಾಗೆ. ಅಪ್ಪ ಕೊನೆಯವರೆಗೂ ನುಡಿಸಿದರು.

"ತುಂಬಾ ಚೆನ್ನಾಗಿ ಮಾಡಿದ್ದೀಯ ಪುಟ್ಟಿ. ಎಷ್ಟು ಕಷ್ಟಪಟ್ಟಿದ್ದೀಯ!"

ನನಗೆ ಅಳು ಬಂತು. ಶೀತ ಆಗಿದೆ ಅಂದಿದ್ದರೂ ಸಹಿಸುತ್ತಿದ್ದೆ. ಅಪ್ಪ ಯಾವುದನ್ನಾದರೂ ಬೈಯದೆ ಹೊಗಳಿದರೆ ಅದನ್ನವರು ಕೈಬಿಟ್ಟಿದ್ದಾರೆ ಅಂತಲೇ ಅರ್ಥ. ಅವರು ಎತ್ತಿಡಲೆಂದು ಬಿಲ್ಲಿನ ಕೂದಲು ಸಡಿಲಿಸತೊಡಗಿದರು. "ಇರು ಇರು, ಇನ್ನೊಂದಿದೆ," ಅಂದು ಮಂಜಾದ ಕಣ್ಣಲ್ಲೇ ಪಟ್ಟಿಯಲ್ಲಿ ಕೆಳಗಿನದನ್ನು ಒತ್ತಿದೆ.

ಅಪ್ಪ ಒಂದು ಸ್ವರ ಎಳೆದರು. ಸ್ಪೀಕರಿನಿಂದ ಅಮ್ಮ ಹೊರಟಳು.

"ರೀ... ಈ... ಈರು ಕಾದಿದೇ..."

ನಾನು 'ಪರೀಕ್ಷೆ' ಒತ್ತಿಬಿಟ್ಟಿದ್ದೆ. ಬಾಲ ಕತ್ತರಿಸದ ಹೆಪ್ಪು. ಅಪ್ಪ ಬೆಚ್ಚಿ ಮುಂದಿನ ಸ್ವರಕ್ಕೆ ಜಾರಿದರು; ಅಲ್ಲೂ ಅಮ್ಮ, ಇನ್ನೂ ಕೆಳದನಿಯಲ್ಲಿ. ಮೇಲಿನ ತಂತಿಗೆ ಹೋದರು. ಅಲ್ಲಿ ಮಂಜಿನಾಚೆಯಿಂದ ಕೂಗಿದ ಹಾಗೆ ಅಮ್ಮ. ಪ್ರತಿ ಸ್ವರದ ಬಾಲಕ್ಕೂ ಜೋತುಬಿದ್ದು, ಇಡೀ ರಾಗದಲ್ಲಿ ನೀರು ಕಾದಿದೆ ಅಂತ ಹಾಡಿದಳು. ಅಪ್ಪ ಬಿಲ್ಲು ಹಿಡಿದ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡರು. ಎಷ್ಟು ದಿನವಾಗಿತ್ತೋ ಅವರು ಹಾಗೆ ನಕ್ಕು.

"ಏನದು ದೆವ್ವದ ದನಿ?" ಅಂತ ಅಮ್ಮ ಕೊರಳಲ್ಲಿ ಅಳತೆ ಪಟ್ಟಿಯೊಂದಿಗೆ ಓಡಿಬಂದಳು.

"ನಿನ್ನದೇ!"

"ನನ್ನದಾ? ಥೂ, ಹೀಗಾ ಇರೋದು?"

"ಇಷ್ಟು ವರ್ಷ ಹೀಗೇ ಕೇಳಿಸ್ಕೊಂಡಿದ್ದೀನಿ ಕಣೇ." ಅಪ್ಪ ಕಣ್ಣೊರೆಸಿಕೊಳ್ಳುತ್ತಾ ಮತ್ತೊಂದು ಸ್ವರ ಹಚ್ಚಿದರು, ಇನ್ನೊಮ್ಮೆ ನಗಲೆಂದು. ಆದರೆ ನಗಲಿಲ್ಲ. ಬಿಲ್ಲು ಹಾಗೇ ನಿಂತಿತು. ತಲೆ ವಾಲಿಸಿ, ಮತ್ತದೇ ಸ್ವರವನ್ನು ಎಳೆದರು. ಮತ್ತೆ ಎಳೆದರು.

"ಪುಟ್ಟಿ, ಇವಳನ್ನ ಸ್ವಲ್ಪ ಆಚೆ ಕಳಿಸು."

"ಅಯ್ಯೋ, ಹೋಗ್ತೀನಿ ಬಿಡಿ," ಅಂದಳು ಅಮ್ಮ.

"ನೀನಲ್ಲ ಕಣೇ. ಅದರೊಳಗಿನ ನೀನು."

ನಾನು ಹೆಪ್ಪಿನ ಬಾಲ ಕತ್ತರಿಸಿದೆ, ಅಮ್ಮ ಉಸಿರೆಳೆದುಕೊಳ್ಳುವುದಕ್ಕೂ ಮುಂಚಿನವರೆಗೆ. ಉಳಿದದ್ದು ಒಂದು ಚೂರು: ಟಕ್ ಅನ್ನುವ ಏಟು, ಅದರ ಹಿಂದೆ ಮರದ ಮೈಯ ಒಂದು ಮೆತ್ತನೆಯ ಉತ್ತರ. ಅದರ ಮೇಲೆ ಹಳ್ಳದ ಹೆಪ್ಪನ್ನು ಒಂದಿಷ್ಟು ಸೇರಿಸಿದೆ.

ಅಪ್ಪ ನುಡಿಸಿದರು.

ಅದನ್ನು ಓಣಿಯಲ್ಲಿ ಕೂತು ಕೇಳುತ್ತಾ ಬೆಳೆದವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕೆಳತಂತಿಯಲ್ಲಿ ಆ ಸ್ವಲ್ಪ ಒರಟು, ಗಂಟಲು ಸರಿಮಾಡಿಕೊಂಡು ಮಾತಿಗಿಳಿಯುವ ಹಾಗಿನದು, ಅದು ಅಲ್ಲಿತ್ತು. ಮೈಗೆ ಏನೂ ತಾಗಬಾರದು ಅನ್ನುವ ವಿಧಿಯನ್ನು ನಾನು ಚಾಚೂ ತಪ್ಪದೆ ಪಾಲಿಸಿದ್ದೆ. ಆದರೆ ಯಾರೂ ತಾಗದ ಆ ಚೆಲ್ಲೊವನ್ನು ನಮ್ಮ ಮನೆಯಲ್ಲಿ ಯಾರು ಯಾವತ್ತು ಕೇಳಿದ್ದರು? ನಾವು ಕೇಳಿದ್ದು ಅಪ್ಪನ ಮಂಡಿಗಳ ನಡುವಿನ, ಅಪ್ಪನ ಎದೆಗೊರಗಿದ ಚೆಲ್ಲೊವನ್ನು. ತೂಗುಬಿಟ್ಟಾಗ ಅದು ಗಂಟೆ. ಹಿಡಿದು ಕೂತಾಗ ಅವರಿಬ್ಬರೂ ಸೇರಿ ಒಂದು ಮೈ. ಏಟು ಬಿದ್ದಾಗ ಉತ್ತರ ಕೊಟ್ಟದ್ದು ಇಬ್ಬರೂ.

ರಾಗ ಮುಗಿಯಿತು. ನನ್ನ ಹಿಂದೆ ಗೋಡೆಗೊರಗಿ ಅಮ್ಮ ಕೂತಿದ್ದಳು, ನೆಲದ ಮೇಲೆ, ಆ ಗುಳಿಯ ಪಕ್ಕದಲ್ಲೇ.

"ಬಂದುಬಿಟ್ಟಳಲ್ಲ," ಅಂದಳು. ಅಳತೆ ಪಟ್ಟಿಯ ತುದಿಯಿಂದ ಮೂಗೊರೆಸಿಕೊಂಡಳು. "ಹಾಳಾದವಳು."

"ಕೆಳಗಿನ ತಂತಿ ಸ್ವಲ್ಪ ಜಾಸ್ತಿ ಆಯ್ತು ಪುಟ್ಟಿ," ಅಂದರು ಅಪ್ಪ, ಹುಬ್ಬು ಗಂಟಿಕ್ಕಿ. "ಮತ್ತೆ ಹಳ್ಳ ಇಷ್ಟು ಆಳ ಇರ್ಲಿಲ್ಲ. ಸರಿಮಾಡು. ಇನ್ನೊಂದ್ಸಲ ನೋಡೋಣ."

ಬೈಗುಳ! ಅಷ್ಟು ಇಂಪಾದ ಬೈಗುಳವನ್ನು ನಾನು ಕೇಳಿರಲಿಲ್ಲ. ಸರಿಮಾಡಿದೆ. ಮತ್ತೆ ಬೈದರು, ಮತ್ತೆ ಸರಿಮಾಡಿದೆ. ಒಳಗೆ ಅಮ್ಮನ ಯಂತ್ರ ಶುರುವಾಯಿತು.

ಡೆಸಿಬಲ್ ಅಕ್ಕನಿಗೆ ಕೇಳಿಸಿದಾಗ ಅವಳು ಮೊದಲ ಬಾರಿಗೆ ಮೆತ್ತಗೆ ಮಾತಾಡಿದಳು. "ವಿಧಿ ನಾನೇ ತಪ್ಪಾಗಿ ಹೇಳಿಕೊಟ್ಟೆ ಅಂತ ಊರಿಗೆಲ್ಲ ಹೇಳಬೇಡ," ಅಂದಳು. ನಾನು ಯಾರಿಗೆ ಹೇಳುತ್ತೇನೆ?

ಈಗ ಎಕ್ಸ್‌ರೇ ಹೊರಕೋಣೆಯ ಮೂಲೆಯಲ್ಲಿ, ಹಳೆಯ ಗುಳಿಯಲ್ಲಿ ಮೊಳೆ ಊರಿ ನಿಂತಿದೆ. ಅಪ್ಪ ದಿನಾ ನುಡಿಸುತ್ತಾರೆ. ಬಾಲ ಕತ್ತರಿಸದ ಹೆಪ್ಪನ್ನೂ ನಾನು ಅಳಿಸಿಲ್ಲ; ಅಮ್ಮ ಮುನಿಸಿಕೊಂಡು ಮಾತು ಬಿಟ್ಟ ದಿನ, "ಆ ನೀರು ಕಾದಿದ್ದನ್ನ ಹಾಕು ಪುಟ್ಟಿ," ಅನ್ನುತ್ತಾರೆ. ಮೂರನೇ ಸ್ವರದ ಹೊತ್ತಿಗೆ ಒಳಗಿನಿಂದ ಅಮ್ಮನ ನಿಜದ ದನಿ ಬರುತ್ತದೆ: "ನಿಲ್ಲಿಸ್ತೀರೋ ಇಲ್ವೋ!"

ಛತ್ರಿ ತಗುಲಿಹಾಕಲು ಮಾತ್ರ ಗೋಡೆಗೊಂದು ಮೊಳೆ ಇನ್ನೂ ಹೊಡೆಯಬೇಕು. ಹೊಡೆಯುವ ಮುಂಚೆ ಆ ಸದ್ದನ್ನು ರೆಕಾರ್ಡ್ ಮಾಡಲು ಮೈಕು ಎಲ್ಲಿಡೋಣ ಅಂತ ನೋಡುತ್ತಿದ್ದೇನೆ.